ಕಣ್ಣು ಹೋದಲ್ಲೆಲ್ಲ ನೋಟ ಹೋಗುವುದಿಲ್ಲ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಮುಂದೆ ಯಾರ ಕಣ್ಣೂ ಒಂದೆಡೆ ನಿಲ್ಲುವುದಿಲ್ಲ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಗೋಡೆಯೆಲ್ಲ ಒಂದೇ ಸಲಕ್ಕೆ ಕಂಡಿತು ಎಂದೇ ನೋಡುವವರು ನಂಬುತ್ತಾರೆ. ನಿಜಕ್ಕೂ ಯಾವ ಕ್ಷಣದಲ್ಲಾದರೂ ನಿಚ್ಚಳವಾಗಿ ಕಾಣುವುದು ತೋಳು ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗ. ಅಕ್ಷಿಪಟಲದ ನಟ್ಟನಡುವೆ ಫೋವಿಯಾ ಎಂಬ ಪುಟ್ಟ ಗುಳಿಯಿದೆ; ಸೂಕ್ಷ್ಮ ವಿವರ ಹಿಡಿಯುವ ಕೋಶಗಳು ದಟ್ಟವಾಗಿ ಕೂತಿರುವುದು ಅಲ್ಲಿ ಮಾತ್ರ. ಅದರಾಚೆಗಿನದೆಲ್ಲ ಮಸುಕು. ಆ ಮಸುಕಿನ ಲೋಕದಿಂದ ಒಂದೊಂದೇ ತುಣುಕನ್ನು ಫೋವಿಯಾದ ಎದುರಿಗೆ ತಂದುಕೊಳ್ಳಲು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ನೆಗೆಯುತ್ತದೆ. ಎಚ್ಚರವಿರುವ ಒಂದು ದಿನದಲ್ಲಿ ಇಂಥ ನೆಗೆತಗಳು ಲಕ್ಷ ದಾಟುತ್ತವೆ. ವಿಜ್ಞಾನಿಗಳು ಇದನ್ನು ಸಕ್ಕೇಡ್ ಎನ್ನುತ್ತಾರೆ. ನಮ್ಮ ದೇಹದ ಚಲನೆಗಳಲ್ಲಿ ಇಷ್ಟು ಚುರುಕಾದದ್ದು ಬೇರೆ ಸಿಗುವುದು ಕಷ್ಟ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಕನ್ನಡಿ ಮುಂದೆ ನಿಂತು ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ನಿಮ್ಮ ಕಣ್ಣು ಹೊರಳಿದ್ದು ನಿಮಗೆ ಯಾವತ್ತೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಬೇಲೂರಿನ ದೇಗುಲದಲ್ಲಿ ಕನ್ನಡಿ ಹಿಡಿದು ನಿಂತ ಶಿಲ್ಪ ದರ್ಪಣಸುಂದರಿಗೂ ತನ್ನ ಕಣ್ಣಿನ ಚಲನೆ ಕನ್ನಡಿಯಲ್ಲಿ ಸಿಗುವಂತಿಲ್ಲ. ನೆಗೆತ ನಡೆಯುವ ಆ ಕೆಲವು ಮಿಲಿಸೆಕೆಂಡುಗಳಲ್ಲಿ ಮೆದುಳು ಕಣ್ಣಿನಿಂದ ಬರುವ ಸುದ್ದಿಯ ಬಹುಪಾಲನ್ನು ಅದುಮಿಟ್ಟುಕೊಳ್ಳುತ್ತದೆ. ಅಷ್ಟೇ ಅಲ್ಲ, ಕಣ್ಣಿನ ಸ್ನಾಯುಗಳಿಗೆ 'ಹೊರಡು' ಎಂದು ಅಪ್ಪಣೆ ಕೊಡುವಾಗಲೇ ಅದರ ಒಂದು ಪ್ರತಿಯನ್ನು ತನ್ನದೇ ದೃಷ್ಟಿಯ ಕೇಂದ್ರಗಳಿಗೂ ಕಳಿಸುತ್ತದೆ. ಅದರಿಂದಾಗಿ ಕಣ್ಣು ಓಡಿದರೂ ಲೋಕ ಓಡಿದಂತೆ ಅನ್ನಿಸುವುದಿಲ್ಲ. ಬೆರಳಿನಿಂದ ಕಣ್ಣಿನ ಅಂಚನ್ನು ಮೆಲ್ಲಗೆ ಒತ್ತಿದರೆ ಆ ಅಪ್ಪಣೆ ಹೊರಟಿರುವುದಿಲ್ಲ, ಲೋಕ ಅಲುಗಾಡುತ್ತದೆ. 19ನೇ ಶತಮಾನದಲ್ಲೇ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನು ಗುರುತಿಸಿ ಚರ್ಚಿಸಿದ್ದ. ಕೋತಿಗಳ ಮೆದುಳಿನಲ್ಲಿ ಈ ಪ್ರತಿ ಸಾಗುವ ಒಂದು ದಾರಿಯನ್ನು ಅಮೆರಿಕದ ಸಾಮರ್ ಮತ್ತು ವುರ್ಟ್ಸ್ ತೋರಿಸಿಕೊಟ್ಟದ್ದು 2002ರಲ್ಲಿ.

ಕಣ್ಣು ಎಲ್ಲಿಗೆ ನೆಗೆಯಬೇಕು ಎಂದು ಯಾರು ಹೇಳುತ್ತಾರೆ? ಸೋವಿಯತ್ ರಷ್ಯಾದ ಆಲ್ಫ್ರೆಡ್ ಯಾರ್ಬಸ್ ರೆಪಿನ್‌ನ ಒಂದು ವರ್ಣಚಿತ್ರವನ್ನು ಒಬ್ಬನೇ ಮನುಷ್ಯನಿಗೆ ಮತ್ತೆ ಮತ್ತೆ ತೋರಿಸಿದ, ಪ್ರತಿಸಲ ಬೇರೆ ಪ್ರಶ್ನೆ ಕೇಳಿ. ಇವರ ವಯಸ್ಸೆಷ್ಟು ಎಂದಾಗ ಕಣ್ಣು ಮುಖಗಳಿಗೆ ಹೋಯಿತು. ಮನೆ ಎಷ್ಟು ಸ್ಥಿತಿವಂತರದು ಎಂದಾಗ ಬಟ್ಟೆ, ಪೀಠೋಪಕರಣಗಳ ಕಡೆ. ಚಿತ್ರ ಅದೇ, ಕಣ್ಣು ಬರೆದ ದಾರಿ ಬೇರೆ ಬೇರೆ. ಹಳೇಬೀಡಿನಲ್ಲಿ ಗೈಡ್ 'ಒಂದಾನೆಯಂತೆ ಇನ್ನೊಂದಿಲ್ಲ, ನೋಡಿ' ಅಂದ ಕೂಡಲೇ ಗುಂಪಿನವರ ಕಣ್ಣೆಲ್ಲ ಕೆಳಸಾಲಿಗಿಳಿದು ಸೊಂಡಿಲಿಂದ ಸೊಂಡಿಲಿಗೆ ಓಡತೊಡಗುತ್ತವೆ. ಅಲ್ಲಿಯವರೆಗೆ ಆ ಆನೆಗಳು ಬರೀ ಪಟ್ಟಿಯಾಗಿದ್ದವು.

ಯಾರ್ಬಸ್‌ನ ಕಾಲದಲ್ಲಿ ವಿಷಯ ಇಲ್ಲಿಗೆ ಮುಗಿದಂತಿತ್ತು: ಕಣ್ಣಿನ ದಾರಿ ಗೊತ್ತಾದರೆ ಮನಸ್ಸಿನ ದಾರಿ ಗೊತ್ತಾದಂತೆ. ಆಮೇಲಿನ ಅರ್ಧ ಶತಮಾನದ ಕೆಲಸ ಈ ನಂಬಿಕೆಯನ್ನು ಸಡಿಲಿಸುತ್ತಲೇ ಬಂದಿದೆ. ಕಣ್ಣು ತಲುಪುವುದು ಒಂದು, ಮನಸ್ಸಿಗೆ ಕಾಣುವುದು ಇನ್ನೊಂದು. ಈ ಎರಡರ ನಡುವಿನ ಸಂದಿನಲ್ಲಿ ಕೆಲಸ ಮಾಡುತ್ತಿರುವ ಪ್ರಯೋಗಾಲಯಗಳಲ್ಲಿ ಕೆಲವು ನಮ್ಮ ಬೆಂಗಳೂರಿನಲ್ಲೇ ಇವೆ. ಅವುಗಳ ಸುದ್ದಿ ಕನ್ನಡದಲ್ಲಿ ಸಾಕಷ್ಟು ಬಂದಿಲ್ಲ ಎಂಬ ಕೊರಗು ನನಗಿದೆ.

ಕರ್ನಾಟಕದ ಮಟ್ಟಿಗೆ ಕಣ್ಣಿನ ವಿಜ್ಞಾನ ಎಂದರೆ ಹಳಬರಿಗೆ ನೆನಪಾಗುವುದು ಡಾ. ಎಂ.ಸಿ. ಮೋದಿಯವರ ಕ್ಯಾಂಪುಗಳು. ಊರೂರಿಗೆ ಹೋಗಿ ಪೊರೆ ತೆಗೆದು ಅವರು ಬೆಳಕು ಕೊಟ್ಟ ಜನ ಅಸಂಖ್ಯ. ಅದೇ ಕಾಲಕ್ಕೆ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಕೂತು ಸಿ.ವಿ. ರಾಮನ್ ಬದುಕಿನ ಕೊನೆಯ ದಶಕವನ್ನು ಬಣ್ಣ ಮತ್ತು ದೃಷ್ಟಿಯ ಅಧ್ಯಯನಕ್ಕೆ ಕೊಟ್ಟಿದ್ದರು. 1968ರಲ್ಲಿ ಆ ಕುರಿತ ಪುಸ್ತಕ ಬಂತು. ಮೂರು ಬಗೆಯ ಕೋಶಗಳಿಂದ ಬಣ್ಣ ಹುಟ್ಟುತ್ತದೆ ಎಂಬ ಮತವನ್ನು ಅವರು ಒಪ್ಪಲಿಲ್ಲ. ವಿಜ್ಞಾನ ಲೋಕ ಅವರನ್ನು ಒಪ್ಪಲಿಲ್ಲ, ಮತ್ತು ಇಲ್ಲಿ ಲೋಕವೇ ಸರಿ. ಆದರೂ ಹೂವುಗಳನ್ನು ಎದುರಿಗಿಟ್ಟುಕೊಂಡು ನೋಟದ ಬಗ್ಗೆ ಯೋಚಿಸಿದ ಆ ಹಟ ನನಗೆ ದೊಡ್ಡದಾಗಿ ಕಾಣುತ್ತದೆ.

ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಬೆಂಗಳೂರಿಗರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರ ಶುರುವಾದದ್ದು 2009ರಲ್ಲಿ. ಅಲ್ಲಿನ ಆದಿತ್ಯ ಮೂರ್ತಿ ಅವರ ಗುಂಪು ಕಣ್ಣಿನ ನೆಗೆತಗಳನ್ನೇ ಕೈಗೆತ್ತಿಕೊಂಡಿದೆ. ಅವರ ಪ್ರಯೋಗಗಳ ಮೂಲ ಪ್ರಶ್ನೆ ಸರಳ. ಕಣ್ಣು ಒಂದು ಕಡೆ ಹೊರಟಿದೆ. ಅಷ್ಟರಲ್ಲಿ ಗುರಿ ಇನ್ನೊಂದೆಡೆಗೆ ಬದಲಾಗಿದೆ. ಮೆದುಳು ಏನು ಮಾಡುತ್ತದೆ? ಹೊರಟದ್ದನ್ನು ತಡೆಯುತ್ತದೋ, ಮುಗಿಸಿ ಆಮೇಲೆ ತಿರುಗುತ್ತದೋ? ಗಾರ್ಡನ್ ಲೋಗನ್ 1984ರಲ್ಲಿ ಕೊಟ್ಟ ಉತ್ತರದ ಪ್ರಕಾರ ಒಳಗೆ 'ಹೋಗು' ಮತ್ತು 'ನಿಲ್ಲು' ಎಂಬ ಎರಡು ಕ್ರಿಯೆಗಳ ಪಂದ್ಯ ನಡೆಯುತ್ತದೆ, ಮೊದಲು ಗೆದ್ದದ್ದು ನಡೆಯುತ್ತದೆ. ಮೂರ್ತಿಯವರ ಗುಂಪು ಇದನ್ನು ಒಂದರ ಹಿಂದೊಂದು ಬರುವ ನೆಗೆತಗಳಿಗೆ ಒಯ್ದಿತು. ನಾವು ಓದುವಾಗಲೂ ಗಾಡಿ ಓಡಿಸುವಾಗಲೂ ಕಣ್ಣು ಒಂದು ನೆಗೆತ ಮುಗಿಸುವ ಮೊದಲೇ ಮುಂದಿನದರ ತಯಾರಿ ಆರಂಭವಾಗಿರುತ್ತದೆ. ಕೋತಿಗಳ ಮುಂಮೆದುಳಿನಲ್ಲಿ ಕಣ್ಣಿಗೆಂದೇ ಮೀಸಲಾದ ಒಂದು ಪ್ರದೇಶವಿದೆ. ಅಲ್ಲಿನ ನರಕೋಶಗಳನ್ನು ಅಳೆದು, 2021ರಲ್ಲಿ ಪ್ರಕಟವಾದ ಕೆಲಸದಲ್ಲಿ ಅವರು ತೋರಿಸಿದ್ದು ಇದು: ಎರಡು ಯೋಜನೆಗಳು ತೀರಾ ಹತ್ತಿರ ಬಂದಾಗ ಎರಡರ ಬೆಳವಣಿಗೆಯೂ ನಿಧಾನವಾಗುತ್ತದೆ. ಎರಡೂ ಒಟ್ಟಿಗೆ ಮುಂದುವರಿಯುತ್ತವೆ, ಆದರೆ ಒಂದಕ್ಕೊಂದು ಸ್ವಲ್ಪ ತಡೆ ಒಡ್ಡುತ್ತವೆ.

ಆ ತಡೆ ಏಕೆ ಬೇಕು ಎಂಬುದು ಅದು ಕೆಟ್ಟಾಗ ಗೊತ್ತಾಗುತ್ತದೆ. ಇದೇ ಗುಂಪು ದೆಹಲಿಯ ವೈದ್ಯರ ಜೊತೆ ಸೇರಿ ಪಾರ್ಕಿನ್‌ಸನ್ ರೋಗಿಗಳನ್ನು ಪರೀಕ್ಷಿಸಿತ್ತು. 2013ರಲ್ಲಿ ಅದರ ವರದಿ ಬಂತು. ಎರಡು ಗುರಿಗಳನ್ನು ಬೇಗ ಬೇಗ ತೋರಿಸಿದಾಗ ಅವರ ಕಣ್ಣು ಮೊದಲನೆಯದಕ್ಕೂ ಹೋಗದೆ ಎರಡನೆಯದಕ್ಕೂ ಹೋಗದೆ, ಏನೂ ಇಲ್ಲದ ನಡುವಿನ ಜಾಗಕ್ಕೆ ಹೋಗಿ ಬೀಳುವುದು ಹೆಚ್ಚಾಗಿತ್ತು. ಮೆದುಳಿನಾಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳು ಯೋಜನೆಗಳನ್ನು ಸರತಿಯಲ್ಲಿ ನಿಲ್ಲಿಸುತ್ತವೆ. ಅವು ಸೋತಾಗ ಸರತಿ ಮುರಿದು ಎರಡೂ ಬೆರೆಯುತ್ತವೆ. ಕೈ ನಡುಗುವುದನ್ನಷ್ಟೇ ಪಾರ್ಕಿನ್‌ಸನ್ ಎಂದುಕೊಂಡವರು ಇದನ್ನು ಓದಬೇಕು.

ಅದೇ ಕೇಂದ್ರದ ಶ್ರೀಧರನ್ ದೇವರಾಜನ್ ಅವರದು ಗಮನದ ಅಧ್ಯಯನ. ನನ್ನ ದೃಷ್ಟಿಯಲ್ಲಿ ಸಾಮಾನ್ಯ ಓದುಗನಿಗೆ ಅತಿ ಹತ್ತಿರದ ಸುದ್ದಿ ಇವರ ಪ್ರಯೋಗಾಲಯದ್ದು. ಎರಡು ಚಿತ್ರ, ಒಂದೇ ಒಂದು ವ್ಯತ್ಯಾಸ. ನಡುವೆ ಖಾಲಿ ಪರದೆ ಮಿನುಗಿಸಿ ಒಂದಾದ ಮೇಲೊಂದು ತೋರಿಸುತ್ತಾರೆ. ವಿಮಾನದ ಇಂಜಿನ್ನೇ ಮಾಯವಾಗಿ ಮತ್ತೆ ಬರುತ್ತಿದ್ದರೂ ಎಷ್ಟೋ ಹೊತ್ತು ಕಾಣುವುದಿಲ್ಲ. 1997ರಲ್ಲಿ ರೆನ್‌ಸಿಂಕ್ ಮತ್ತು ಜೊತೆಗಾರರು ರೂಢಿಗೆ ತಂದ ಈ ಪರೀಕ್ಷೆಯಲ್ಲಿ ಕೆಲವರು ಬೇಗ ಗೆಲ್ಲುವುದೇಕೆ ಎಂದು ಬೆಂಗಳೂರಿನ ಗುಂಪು ಹುಡುಕಿತು. 2021ರಲ್ಲಿ ಅವರು ಕೊಟ್ಟ ಉತ್ತರ: ಬದಲಾವಣೆ ಹಿಡಿದವರ ಕಣ್ಣು ತಂಗಿದಲ್ಲಿ ಹೆಚ್ಚು ಹೊತ್ತು ತಂಗುತ್ತಿತ್ತು, ಮತ್ತು ನೆಗೆತಗಳು ಹೆಚ್ಚು ಏರುಪೇರಿಲ್ಲದೆ ಇರುತ್ತಿದ್ದವು. ಗಡಿಬಿಡಿಯಿಂದ ಎಲ್ಲೆಡೆ ಕಣ್ಣಾಡಿಸಿದವರಿಗೆ ಸಿಗಲಿಲ್ಲ.

2024ರ ಇನ್ನೊಂದು ವರದಿ ಇನ್ನೂ ಕುತೂಹಲದ್ದು. ಕಣ್ಣು ಎಲ್ಲಿಗೆ ನೆಗೆಯಲಿದೆಯೋ ಗಮನ ಅಲ್ಲಿಗೆ ಒಂದು ಹೆಜ್ಜೆ ಮೊದಲೇ ತಲುಪಿರುತ್ತದೆ ಎಂಬುದು ಹಳೆಯ ಮಾತು. ಹಾಗಿದ್ದರೆ ಆ ಜಾಗದಲ್ಲಿ ಆಗುವ ಬದಲಾವಣೆಯೂ ಚೆನ್ನಾಗಿ ಕಾಣಬೇಕಲ್ಲ? ಪ್ರಿಯಾಂಕಾ ಗುಪ್ತಾ ಮತ್ತು ದೇವರಾಜನ್ ನೋಡಿದಾಗ ಹಾಗಾಗಲಿಲ್ಲ. ನೆಗೆತದ ಗುರಿಯಲ್ಲಿ ಈಗಷ್ಟೇ ಕಂಡದ್ದು ಹಿಂದೆ ಇದ್ದದ್ದರ ನೆನಪಿನ ಮೇಲೆ ಹೇರಿಕೊಂಡುಬಿಡುತ್ತದೆ. ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಹೋಲಿಸಲು ಬೇಕಾದ 'ಮೊದಲು' ಮಬ್ಬಾಗುತ್ತದೆ. ಗಮನ ಹರಿಸಿದರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ ಎಂದು ಶಾಲೆಯಿಂದಲೂ ಕೇಳಿಕೊಂಡು ಬಂದವರಿಗೆ ಇದು ಸುಲಭಕ್ಕೆ ಒಗ್ಗುವ ಮಾತಲ್ಲ.

ಅದೇ ಕೇಂದ್ರದ ಎಸ್.ಪಿ. ಅರುಣ್ ಅವರ ದೃಷ್ಟಿ ಪ್ರಯೋಗಾಲಯ ಓದಿನ ಕಡೆಗೂ ತಿರುಗಿದೆ. ತೆಲುಗು ಮಾತ್ರ ಓದಬಲ್ಲವರು, ಮಲಯಾಳ ಮಾತ್ರ ಓದಬಲ್ಲವರು: ಈ ಎರಡು ಗುಂಪುಗಳಿಗೆ ಎರಡೂ ಲಿಪಿಗಳ ಅಕ್ಷರಜೋಡಿಗಳನ್ನು ತೋರಿಸಿ 2019ರಲ್ಲಿ ಅವರು ಕಂಡದ್ದು, ಗೊತ್ತಿಲ್ಲದ ಲಿಪಿಯಲ್ಲಿ ಪಕ್ಕಪಕ್ಕದ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ, ಓದಲು ಬರುವ ಲಿಪಿಯಲ್ಲಿ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಓದು ಕಲಿಯುವುದೆಂದರೆ ಪದವನ್ನು ಇಡಿಯಾಗಿ ನುಂಗುವುದು ಎಂಬ ಜನಪ್ರಿಯ ಕಲ್ಪನೆಗೆ ಇದು ಎದುರಾಗಿ ನಿಲ್ಲುತ್ತದೆ. ಈ ಪ್ರಯೋಗವನ್ನು ಇಂಗ್ಲಿಷಿನ ಊರುಗಳಲ್ಲಿ ಮಾಡುವುದು ಸುಲಭವಿರಲಿಲ್ಲ. ಪಕ್ಕಪಕ್ಕದ ರಾಜ್ಯಗಳಲ್ಲಿ ಬೇರೆ ಬೇರೆ ಲಿಪಿಯಿರುವ ನಾಡಿನಲ್ಲಿ ಅದು ತಾನಾಗಿ ಹೊಳೆಯುತ್ತದೆ.

ಕನ್ನಡದ ಮಾತೂ ಇಲ್ಲೇ ಬರಬೇಕು. ಇಂಗ್ಲಿಷ್ ಓದುವವನ ಕಣ್ಣು ಒಂದೆಡೆ ತಂಗಿದಾಗ ಎಡಕ್ಕೆ ಮೂರು ನಾಲ್ಕು, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳಷ್ಟು ದೂರದ ಸುದ್ದಿ ಹಿಡಿಯುತ್ತದೆ ಎಂದು ಮೆಕಾಂಕಿ ಮತ್ತು ರೇನರ್ 1970ರ ದಶಕದಲ್ಲೇ ಅಳೆದರು. ಹೀಬ್ರೂ ಓದುವವರಲ್ಲಿ ಇದು ಎಡಕ್ಕೆ ಹೊರಳುತ್ತದೆ. ಈ ಲೆಕ್ಕವನ್ನು ಹಾಗೇ ತಂದು ಕನ್ನಡಕ್ಕೆ ಹಚ್ಚುವಂತಿಲ್ಲ. ನಮ್ಮಲ್ಲಿ ಒತ್ತು ಸಾಲಿನ ಕೆಳಗಿಳಿಯುತ್ತದೆ, ಗುಣಿತ ಮೇಲೆ ಪಕ್ಕದಲ್ಲಿ ಹಬ್ಬುತ್ತದೆ, ಪ್ರತ್ಯಯಗಳು ಸೇರಿ ಒಂದು ಪದ ಸಾಲಿನ ಕಾಲುಭಾಗ ತಿನ್ನಬಲ್ಲದು. ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗವನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್, ನಾಲ್ಕನೇ ತರಗತಿಯ ಹೊತ್ತಿಗೂ ಈ ಕಲಿಕೆ ಮುಂದುವರಿದಿರುತ್ತದೆ ಎಂದು 2007ರಲ್ಲಿ ತೋರಿಸಿದರು. ಮೂರನೇ ತರಗತಿಯ ಮಗು ಒತ್ತಕ್ಷರದ ಮೇಲೆ ತಡವರಿಸಿದರೆ ದಡ್ಡ ಎನ್ನುವ ಮೇಷ್ಟರಿಗೆ ಈ ಒಂದು ಸಂಗತಿ ಗೊತ್ತಿದ್ದರೂ ಸಾಕಿತ್ತು.

ಅರುಣ್ ಅವರ ಗುಂಪಿನ ಇನ್ನೊಂದು ಕೆಲಸ ಪ್ರಾಣಿಪ್ರಯೋಗದ ಬಗ್ಗೆ ಮನಸ್ಸು ಕಸಿವಿಸಿಗೊಂಡವರು ಗಮನಿಸಬೇಕಾದದ್ದು. ಕಣ್ಣಿನ ಚಲನೆ ನಿಖರವಾಗಿ ಅಳೆಯಲು ಕೋತಿಯ ತಲೆಯನ್ನು ಕದಲದಂತೆ ಬಿಗಿಯುವುದು ದಶಕಗಳ ರೂಢಿ. 2021ರಲ್ಲಿ ಇವರು ಕೋತಿಗಳು ಗುಂಪಾಗಿ ಓಡಾಡಿಕೊಂಡಿರುವ ಆವರಣವನ್ನೇ ಕಟ್ಟಿ, ತಾವಾಗಿ ಬಂದು ಗಲ್ಲವನ್ನು ಆಸರೆಗೆ ಇಟ್ಟು ಪರದೆ ನೋಡುವ ಕೋತಿಯ ಕಣ್ಣನ್ನು ಬಿಗಿಯದೆಯೇ ಅಳೆದರು. ಇದು ಕರುಣೆಯ ಮಾತೂ ಹೌದು, ಒಳ್ಳೆಯ ವಿಜ್ಞಾನದ ಮಾತೂ ಹೌದು.

ಇದೇ ಕೇಂದ್ರದ ಸುಪ್ರತಿಮ್ ರೇ ಅವರ ಕೆಲಸ ಮೆದುಳಿನ ಅಲೆಗಳದು. ಕಪ್ಪು ಬಿಳಿ ಪಟ್ಟೆಗಳನ್ನು ನೋಡಿದಾಗ ದೃಷ್ಟಿಯ ಭಾಗದಲ್ಲಿ ಗಾಮಾ ಅಲೆಗಳು ಏಳುತ್ತವೆ. ದೊಡ್ಡ ಪಟ್ಟೆಗಳಿಗೆ ಒಂದಲ್ಲ, ಎರಡು ಬಗೆಯ ಅಲೆ: ಸೆಕೆಂಡಿಗೆ 20ರಿಂದ 34 ಸಲದ ನಿಧಾನದ್ದು, 36ರಿಂದ 66 ಸಲದ ವೇಗದ್ದು. ವಯಸ್ಸಾದಂತೆ ಇವು ಕುಗ್ಗುತ್ತವೆ, ಮರೆವಿನ ಕಾಯಿಲೆ ಆರಂಭವಾದವರಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತಲೂ ಕಡಿಮೆ ಎಂದು 2020 ಮತ್ತು 2021ರಲ್ಲಿ ವರದಿಯಾಯಿತು. ಇಂಥ ಅಳತೆಯಲ್ಲಿ ಕಣ್ಣಿನ ಚಲನೆಯೇ ಮೋಸ ಮಾಡಬಲ್ಲದು. ಕಣ್ಣು ತಂಗಿದಾಗಲೂ ಒಳಗೊಳಗೇ ನಡೆಯುವ ಕಿರುನೆಗೆತಗಳು ನೆತ್ತಿಯ ಮೇಲಿನ ತಂತಿಗಳಲ್ಲಿ ಗಾಮಾ ಅಲೆಯಂತೆಯೇ ಕಾಣಬಲ್ಲವು ಎಂದು 2008ರಲ್ಲಿ ಇಸ್ರೇಲಿನ ಸಂಶೋಧಕರು ತೋರಿಸಿದ ಮೇಲೆ, ಜಗತ್ತಿನ ಹಲವು ಹಳೆಯ ಫಲಿತಾಂಶಗಳನ್ನು ಮತ್ತೆ ತೂಗಿ ನೋಡಬೇಕಾಯಿತು. ಆದ್ದರಿಂದಲೇ ಅಲೆ ಅಳೆಯುವವರೂ ಕಣ್ಣಿನ ಮೇಲೊಂದು ಕಣ್ಣಿಟ್ಟಿರುತ್ತಾರೆ.

ಆಸ್ಪತ್ರೆಯ ಮಟ್ಟಿಗೆ ಕಣ್ಣಿನ ನೆಗೆತ ಬಲು ಹಳೆಯ ಸಾಕ್ಷಿ. 1971ರಲ್ಲಿ ಮುಂಬಯಿಯ ನೋಶಿರ್ ವಾಡಿಯಾ ಮತ್ತು ಸ್ವಾಮಿ ಒಂಬತ್ತು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವ, ನಡಿಗೆ ತೂರಾಡಿಸುವ ಒಂದು ಕಾಯಿಲೆಯನ್ನು ವಿವರಿಸಿದರು. ಅದನ್ನು ಬೇರೆಯದೆಂದು ಗುರುತಿಸಲು ಅವರಿಗೆ ಸಿಕ್ಕ ಸುಳಿವು ಕಣ್ಣಿನ ನೆಗೆತಗಳ ವಿಪರೀತ ನಿಧಾನ. ಕಾರಣವಾದ ಜೀನು ಸಿಕ್ಕಿದ್ದು ಕಾಲು ಶತಮಾನದ ನಂತರ. 1964ರಲ್ಲಿ ಕೆನಡಾದಲ್ಲಿ ವಿವರಿಸಲಾದ ಇನ್ನೊಂದು ರೋಗದಲ್ಲಿ ಕಣ್ಣು ಕೆಳಗೆ ಇಳಿಯುವುದೇ ಕಷ್ಟವಾಗುತ್ತದೆ. ರೋಗಿ ಮೆಟ್ಟಿಲಿಳಿಯುವಾಗ ಬೀಳುತ್ತಾನೆ, ತಟ್ಟೆಯ ಅನ್ನ ಕಾಣುವುದಿಲ್ಲ, ಮನೆಯವರು ಕನ್ನಡಕ ಬದಲಿಸುತ್ತಲೇ ಇರುತ್ತಾರೆ. ಬೆರಳೊಂದನ್ನು ಮೇಲೆ ಕೆಳಗೆ ಆಡಿಸಿ ನೋಡುವ ವೈದ್ಯ ಸಿಕ್ಕರೆ ಅನುಮಾನ ಅಲ್ಲೇ ಹುಟ್ಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಆಕ್ಷೇಪ. ಇವುಗಳಲ್ಲಿ ಬಹುಪಾಲು ಕತ್ತಲೆ ಕೋಣೆ, ಪರದೆ, ಗಲ್ಲದ ಆಸರೆ. ನೋಟ ಹೊಟ್ಟೆಪಾಡಾಗಿರುವ ಜನ ಇರುವುದು ಬಯಲಲ್ಲಿ. ಬ್ರಿಟನ್ನಿನ ಮೈಕೆಲ್ ಲ್ಯಾಂಡ್ ತಲೆಗೆ ಕಟ್ಟುವ ಕ್ಯಾಮೆರಾ ಹಿಡಿದು ಹೊರಗೆ ಹೋದವರಲ್ಲಿ ಮೊದಲಿಗರು. 2000ದಲ್ಲಿ ಅವರು ಮತ್ತು ಮೆಕ್‌ಲಾಯ್ಡ್ ತೋರಿಸಿದಂತೆ ಬ್ಯಾಟುಗಾರ ಚೆಂಡನ್ನು ಕೊನೆಯವರೆಗೆ ನೋಡುವುದೇ ಇಲ್ಲ. ಬೌಲರನ ಕೈಬಿಟ್ಟ ಕ್ಷಣ ನೋಡಿ, ಅದು ಪುಟಿಯಲಿರುವ ಜಾಗಕ್ಕೆ ಕಣ್ಣು ಮೊದಲೇ ನೆಗೆದು ಕಾಯುತ್ತದೆ. ಪಳಗಿದವನ ಕಣ್ಣು ಬೇಗ ಹೊರಡುತ್ತದೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಒಯ್ದ ಶ್ರೀನಾಥ್ ಚೆಂಡೆಸೆದಾಗ ಎದುರಿನವನಿಗೆ ಸಿಗುತ್ತಿದ್ದದ್ದು ಸುಮಾರು ಅರ್ಧ ಸೆಕೆಂಡ್.

ಇನ್ನು ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಯ ಅರೇಬಿಕಾ ಕಾಫಿ ತೋಟದಲ್ಲಿ ಬೋರರ್ ಹುಡುಕುವ ಕೆಲಸವನ್ನು ನೋಡಿ. ಬೋರರ್ ಅಂದರೆ ಬಿಳಿ ಕಾಂಡಕೊರಕ; ಅದು ತೊಗಟೆಯ ಸೀಳಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ತಿನ್ನುತ್ತ ಹೋಗುತ್ತದೆ. ಏಪ್ರಿಲ್-ಮೇ ಮತ್ತು ಅಕ್ಟೋಬರಿನಿಂದ ಡಿಸೆಂಬರ್, ಹುಳು ಹಾರುವ ಈ ಎರಡು ಕಾಲಕ್ಕೆ ಮುಂಚೆ, ಕೊರಕ ಹಿಡಿದ ಗಿಡಗಳನ್ನು ಕಿತ್ತು ಸುಡಬೇಕು. ಬೇಕಾದ ಗುರುತು ಎಷ್ಟು ಸಣ್ಣದು: ಕಾಂಡದ ಮೇಲೊಂದು ಉಬ್ಬು ಗೆರೆ, ಎಲೆಯಲ್ಲಿ ಸ್ವಲ್ಪ ಹಳದಿ, ಒಂದಿಷ್ಟು ಬಾಡು. ಅನುಭವಿ ಆಳು ಮೊದಲು ದೂರದಿಂದ ಗಿಡದ ನೆತ್ತಿ ನೋಡುತ್ತಾನೆ, ಹತ್ತಿರ ಬಂದು ಕೆಳಗಿನ ರೆಂಬೆಗಳನ್ನು ಎತ್ತಿ ಹಿಡಿದು ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ಕಣ್ಣು ಹಾಯಿಸುತ್ತಾನೆ, ಅನುಮಾನ ಬಂದಲ್ಲಿ ಬೆರಳಾಡಿಸುತ್ತಾನೆ. ಸಾಲಿನ ಮೇಲೆ ಸಾಲು, ಬಹಳಷ್ಟು ಗಿಡದಲ್ಲಿ ಏನೂ ಇರುವುದಿಲ್ಲ.

ಅಪಾಯ ಇರುವುದು ಈ 'ಏನೂ ಇರುವುದಿಲ್ಲ' ಎಂಬಲ್ಲೇ. ಜೆರೆಮಿ ವುಲ್ಫ್ 2005ರಲ್ಲಿ ತೋರಿಸಿದ್ದಾರೆ: ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿದ್ದಾಗ ಜನ ಶೇ. 7ರಷ್ಟನ್ನು ತಪ್ಪಿಸಿದರು, ನೂರಕ್ಕೊಂದರಲ್ಲಿದ್ದಾಗ ಶೇ. 30ರಷ್ಟನ್ನು. ಅಪರೂಪದ್ದನ್ನು ಹುಡುಕುವಾಗ ಮನಸ್ಸು ಬೇಗ 'ಇಲ್ಲ' ಎನ್ನಲು ಕಲಿಯುತ್ತದೆ. ಕಣ್ಣು ಹೋಗಲಿಲ್ಲ ಎಂದಲ್ಲ. 2013ರ ಒಂದು ಪ್ರಯೋಗದಲ್ಲಿ ಶ್ವಾಸಕೋಶದ ಸ್ಕ್ಯಾನಿನೊಳಗೆ ಗೊರಿಲ್ಲಾದ ಚಿತ್ರ ಸೇರಿಸಿ 24 ಮಂದಿ ರೇಡಿಯಾಲಜಿಸ್ಟರಿಗೆ ಕೊಟ್ಟಾಗ 20 ಮಂದಿಗೆ ಅದು ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ಗೊರಿಲ್ಲಾದ ಮೇಲೇ ತಂಗಿ ಹೋಗಿತ್ತು. ಶ್ವಾಸಕೋಶದ ಗಂಟುಗಳನ್ನು ಹುಡುಕಲು ಹೋದವರಿಗೆ ಗಂಟೇ ಕಾಣುತ್ತದೆ. ಹಾಗಾಗಿ ಬೋರರ್ ಗಿಡ ತಪ್ಪಿಸಿದ ಆಳನ್ನು ಮೇಸ್ತ್ರಿ 'ಕಣ್ಣು ಬಿಟ್ಟು ನೋಡು' ಎಂದು ಬೈಯುವುದು ನ್ಯಾಯವಲ್ಲ. ಅವನು ಕಣ್ಣು ಬಿಟ್ಟೇ ನೋಡಿದ್ದಾನೆ.

ಇದೇ ತೋಟಗಳಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೋಗುವವರ ಎದುರು ಕಾಡಾನೆ ಕದಲದೆ ನಿಂತಿರುತ್ತದೆ. ನಮ್ಮ ನೋಟದ ಅಂಚು ಚಲನೆಯನ್ನು ಚೆನ್ನಾಗಿ ಹಿಡಿಯುತ್ತದೆ, ನಿಂತ ಬೂದುಬಣ್ಣವನ್ನು ಹಿಡಿಯುವುದಿಲ್ಲ. ಕಾಫಿ ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿ ಇವುಗಳ ನಡುವೆ ಅಷ್ಟು ದೊಡ್ಡ ಪ್ರಾಣಿ ಹತ್ತು ಮಾರು ದೂರದಲ್ಲಿದ್ದರೂ ಕಾಣಲಿಲ್ಲ ಎಂದರೆ ಪೇಟೆಯವರು ನಂಬುವುದಿಲ್ಲ. ಪ್ರಯೋಗಾಲಯದ ಲೆಕ್ಕದಲ್ಲಿ ಅದರಲ್ಲಿ ಅಚ್ಚರಿಯೇನೂ ಇಲ್ಲ. ಆನೆಯ ದಾಳಿಗೆ ಸಿಕ್ಕಿ ಸತ್ತವರ ಮನೆಯವರಿಗೆ 'ಜೋಪಾನವಾಗಿ ಹೋಗಬೇಕಿತ್ತು' ಎನ್ನುವವರು ಇದನ್ನು ತಿಳಿಯಬೇಕು. ಎಚ್ಚರಿಕೆ ಸಂದೇಶ, ದಾರಿಯಂಚಿನ ಗಿಡಗಂಟಿ ತೆರವು, ಬೆಳಕಾದ ಮೇಲೆ ಕೆಲಸ ಶುರು ಮಾಡುವುದು, ಇವುಗಳ ಹೊಣೆಯನ್ನು ಒಬ್ಬನ ಕಣ್ಣಿನ ಮೇಲೆ ಹೊರಿಸಲಾಗದು.

ಹಳ್ಳಿಗೆ ಬಂದು ಅಳೆಯುವುದು ಆಗದ ಕೆಲಸವೇನಲ್ಲ. ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲೇ ಇರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರ ಮೆದುಳಿನ ಆರೋಗ್ಯವನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ. ಕನ್ನಡಕದಂತೆ ಹಾಕಿಕೊಳ್ಳುವ ಕಣ್ಣಳತೆಯ ಸಾಧನಗಳೂ ಈಗ ಇವೆ. ಹುಳು ಹಾರುವ ಮುಂಚಿನ ಮಾರ್ಚಿನಲ್ಲಿ ಇಪ್ಪತ್ತು ವರ್ಷ ಬೋರರ್ ಹುಡುಕಿದ ಒಬ್ಬರಿಗೂ ಈ ವರ್ಷ ಕೆಲಸಕ್ಕೆ ಸೇರಿದ ಒಬ್ಬರಿಗೂ ಅದನ್ನು ತೊಡಿಸಿ ಒಂದೇ ಸಾಲಿನಲ್ಲಿ ನಡೆಸಿದರೆ, ಕಣ್ಣು ಎಲ್ಲಿ ಮೊದಲು ಬಿತ್ತು, ಎಷ್ಟು ಹೊತ್ತು ತಂಗಿತು, ಎಷ್ಟು ಗಿಡದ ನಂತರ ತಂಗುವುದು ಕಮ್ಮಿಯಾಯಿತು ಎಂಬುದು ದಾಖಲಾಗುತ್ತದೆ. ಎಷ್ಟು ಸಾಲಿಗೊಮ್ಮೆ ಬಿಡುವು ಕೊಡಬೇಕು, ಗೊತ್ತಿರುವ ಬೋರರ್ ಗಿಡವೊಂದನ್ನು ನಡುನಡುವೆ ತೋರಿಸಿ ಕಣ್ಣಿಗೆ ನೆನಪು ಮಾಡಿಕೊಟ್ಟರೆ ತಪ್ಪು ಕಡಿಮೆಯಾಗುತ್ತದೆಯೇ ಎಂದು ಆಮೇಲೆ ಅದೇ ಸಾಲುಗಳಲ್ಲಿ ಪರೀಕ್ಷಿಸಬಹುದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹುಳುವಿನ ಜೀವನಚರಿತ್ರೆ ಪೂರ್ತಿ ಗೊತ್ತು, ಬೆಂಗಳೂರಿನವರಿಗೆ ಕಣ್ಣಿನದು. ಇವರಿಬ್ಬರನ್ನೂ ಒಂದು ತೋಟಕ್ಕೆ ಕರೆಸುವ ಕೆಲಸವನ್ನು ಬೇಲೂರು ತಾಲ್ಲೂಕಿನ ಬೆಳೆಗಾರರ ಸಂಘಗಳು ಕೈಗೆತ್ತಿಕೊಳ್ಳಬಹುದು, ಮತ್ತು ಆ ಕನ್ನಡಕ ಮೊದಲು ಏರಬೇಕಾದದ್ದು ಆಳುಗಳ ಮೂಗಿನ ಮೇಲೆ.